ಇಂಟರ್‌ಕೂಲರ್ ಪೈಪು: ಕಾಸು ಉಳಿಸುವುದೆಲ್ಲಿ, ಸುರಿಯುವುದೆಲ್ಲಿ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಾಗ ಗೆಳೆಯನ ಹಳೆಯ ಟರ್ಬೊ ಡೀಸೆಲ್ ಕಾರು ಇದ್ದಕ್ಕಿದ್ದಂತೆ ಸೊರಗಿತು. ಹಿಂದೆ ಕಪ್ಪು ಹೊಗೆ, ಮುಂದೆ ಗಾಳಿ ಸೀಟಿ ಹೊಡೆದಂಥ ಸದ್ದು. ಬಾನೆಟ್ ಎತ್ತಿ ನೋಡಿದರೆ, ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಬೂದು ಬಣ್ಣದ ಪಿ.ವಿ.ಸಿ. ಎಲ್ಬೊ ಮೆತ್ತಗಾಗಿ, ಅಂಟು ಬಿಟ್ಟು, ಜಾಗದಿಂದ ಕಳಚಿಕೊಂಡಿತ್ತು. ಅದನ್ನು ಕೂರಿಸಿದ ಗ್ಯಾರೇಜಿನವರು ಹೇಳಿದ್ದ ಮಾತು ಇವತ್ತಿಗೂ ನೆನಪಿದೆ: "ತೋಟಕ್ಕೆ ಹಾಕೋ ಪೈಪು ಸಾರ್, ಆರು ಕೆ.ಜಿ. ಪ್ರೆಷರ್ ತಡೆಯುತ್ತೆ. ನಿಮ್ಮ ಟರ್ಬೊ ಕೊಡೋದು ಒಂದು ಕೆ.ಜಿ. ತಾನೆ?"

ಕಡಿಮೆ ಖರ್ಚಿನಲ್ಲಿ ಇಂಟರ್‌ಕೂಲರ್ ಪೈಪು ಮಾಡಿಸುವ ನಮ್ಮ ಗ್ಯಾರೇಜು ಪದ್ಧತಿಯನ್ನು ವಿಮರ್ಶಿಸಲು ಈ ಮಾತಿನಿಂದಲೇ ಹೊರಡಬೇಕು. ಯಾಕೆಂದರೆ ಒತ್ತಡದ ಲೆಕ್ಕ ಅದರಲ್ಲಿ ಸರಿಯಾಗಿದೆ. ಶಾಖದ ಲೆಕ್ಕವೇ ಇಲ್ಲ. ಪಿ.ವಿ.ಸಿ. ಪೈಪಿನ ಮೇಲೆ ಮುದ್ರಿಸಿರುವ ಒತ್ತಡ 27 ಡಿಗ್ರಿ ಸೆಲ್ಸಿಯಸ್ ನೀರಿಗೆ ಹೇಳಿದ್ದು. ಐ.ಎಸ್. 4985 ಮಾನಕ ಆ ಪೈಪಿಗೆ ಕೊಟ್ಟಿರುವ ಗರಿಷ್ಠ ತಾಪಮಾನ 45 ಡಿಗ್ರಿ. ಟರ್ಬೊ ಮಾಡುವ ಕೆಲಸವೋ ಗಾಳಿಯನ್ನು ಹಿಂಡುವುದು. ಸೈಕಲ್ ಪಂಪಿನ ತುದಿ ಬಿಸಿಯಾಗುವ ಹಾಗೆ ಹಿಂಡಿದ ಗಾಳಿ ಕಾಯುತ್ತದೆ. 30 ಡಿಗ್ರಿಯ ಗಾಳಿಗೆ 1 ಬಾರ್ ಬೂಸ್ಟ್ ಕೊಟ್ಟರೆ, ಒಂದಿಷ್ಟೂ ನಷ್ಟವಿಲ್ಲದ ಆದರ್ಶ ಟರ್ಬೊದಲ್ಲೇ ಅದು 95 ಡಿಗ್ರಿ ದಾಟುತ್ತದೆ. ನಿಜವಾದ ಟರ್ಬೊದಲ್ಲಿ ಸುಮಾರು 120. ಪಿ.ವಿ.ಸಿ. ಅಷ್ಟು ಹೊತ್ತಿಗೆ ಮೆತ್ತಗಾಗಿರುತ್ತದೆ. ಊರೊಳಗೆ ಓಡಿಸುವಾಗ ಬೂಸ್ಟು ಬಂದು ಹೋಗುವುದು ಕ್ಷಣಮಾತ್ರ, ಹಾಗಾಗಿ ತಿಂಗಳುಗಟ್ಟಲೆ ಏನೂ ಆಗದೆ ನಂಬಿಕೆ ಬಲಿಯುತ್ತದೆ. ಉದ್ದನೆಯ ಘಾಟಿಯಲ್ಲಿ ನಿಜ ಬಯಲಾಗುತ್ತದೆ.

ಇಂಟರ್‌ಕೂಲರ್ ದಾಟಿದ ಮೇಲೆ ಗಾಳಿ ತಣ್ಣಗಲ್ಲವೇ, ಅಲ್ಲಾದರೂ ಪಿ.ವಿ.ಸಿ. ಹಾಕಬಹುದಲ್ಲ ಎನ್ನುವವರಿದ್ದಾರೆ. ಬೇಡ. ಎಂಜಿನ್ನಿನ ಸುತ್ತಲ ಶಾಖವೇ ಸಾಕು ಅದನ್ನು ಕೆಡಿಸಲು. ಇನ್ನೊಂದು ಅಪಾಯವೂ ಇದೆ. ನೀರು ತುಂಬಿದ ಪೈಪು ಒಡೆದರೆ ಸೋರುತ್ತದೆ, ಗಾಳಿ ತುಂಬಿದ ಪೈಪು ಒಡೆದರೆ ಸಿಡಿಯುತ್ತದೆ. ಪಿ.ವಿ.ಸಿ. ಚೂಪಾದ ಚೂರುಗಳಾಗಿ ಹಾರುತ್ತದೆಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ 1988ರಲ್ಲೇ ಎಚ್ಚರಿಸಿತ್ತು. ಅದು ಹೇಳಿದ್ದು ಕಾರ್ಖಾನೆಗಳ ಕಂಪ್ರೆಸರ್ ಲೈನುಗಳ ಬಗ್ಗೆ, ಆದರೆ ಗಾಳಿಯ ಗುಣ ಎರಡೂ ಕಡೆ ಒಂದೇ.

ಹಾಗೆಂದು ಪ್ಲಾಸ್ಟಿಕ್ಕೇ ಕೆಟ್ಟದ್ದಲ್ಲ. ಕಂಪನಿಯಿಂದ ಬರುವ ಎಷ್ಟೋ ಕಾರುಗಳಲ್ಲಿ ಈ ಪೈಪು ಗಾಜಿನ ನಾರು ಬೆರೆಸಿದ ನೈಲಾನಿನದು, ಈ ಶಾಖಕ್ಕೆಂದೇ ಮಾಡಿದ್ದು. ಬೂಸ್ಟ್ ಹೆಚ್ಚಿಸದವರು ಅದನ್ನು ಮುಟ್ಟದೆ ಬಿಡುವುದೇ ಎಲ್ಲಕ್ಕಿಂತ ಅಗ್ಗ. ಒಡೆದಿದ್ದರೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅದೇ ಮಾದರಿಯದನ್ನು ಹುಡುಕಿದರೆ ಸಾಕು.

ಹೊಸದಾಗಿ ಪೈಪು ಎಳೆಯಲೇಬೇಕಾದವರಿಗೆ ಮೊದಲು ಕಣ್ಣಿಗೆ ಬೀಳುವುದು ಅಲ್ಯುಮಿನಿಯಂ. ಹೊಳಪು, ಹಗುರ, ಜೊತೆಗೆ "ಶಾಖ ಬಿಡುತ್ತದೆ" ಎಂಬ ಮಾತು. ಈ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಯುಮಿನಿಯಂ ಉಕ್ಕಿಗಿಂತ ಮೂರು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಹರಿಸುತ್ತದೆ, ನಿಜ. ಆದರೆ 1.2 ಲೀಟರ್ ಎಂಜಿನ್ 5000 ಸುತ್ತಿನಲ್ಲಿ ತಿರುಗುವಾಗ, ಎರಡಿಂಚು ವ್ಯಾಸದ ಎರಡು ಮೀಟರ್ ಪೈಪನ್ನು ಗಾಳಿ ದಾಟುವುದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ. ಅಷ್ಟರೊಳಗೆ ಪೈಪಿನ ಗೋಡೆ ಎಷ್ಟು ತಣಿಸೀತು? ತಣಿಸುವುದು ಇಂಟರ್‌ಕೂಲರಿನ ಕೆಲಸ, ಪೈಪಿನದು ಸೋರದೆ ಸಾಗಿಸುವುದು. ತೂಕದ ಲಾಭವನ್ನೂ ಅಳೆದು ನೋಡಿ: ಒಂದೂವರೆ ಮಿಲಿಮೀಟರ್ ದಪ್ಪದ ಅದೇ ಎರಡು ಮೀಟರ್ ಪೈಪು ಉಕ್ಕಿನದಾದರೆ ಸುಮಾರು 3.6 ಕೆ.ಜಿ., ಅಲ್ಯುಮಿನಿಯಮಿನದಾದರೆ 1.3 ಕೆ.ಜಿ. ಎರಡೂ ಚಿಲ್ಲರೆ ಕೆ.ಜಿ. ವ್ಯತ್ಯಾಸ, ದಿನಬಳಕೆಯ ಕಾರಿಗೆ ಲೆಕ್ಕಕ್ಕಿಲ್ಲ. ಮೇಲಾಗಿ ಅಲ್ಯುಮಿನಿಯಮಿಗೆ ಆರ್ಗಾನ್ ವೆಲ್ಡಿಂಗ್ ಬೇಕು, ಅದಕ್ಕೆ ಪಳಗಿದ ಕೈ ಬೇಕು. ಪೈಪಿನಲ್ಲಿ ಉಳಿಸಿದ ಕಾಸು ಕೂಲಿಗೆ ಹೋಗುತ್ತದೆ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕಿಲ್ಲ, ಆಯುಸ್ಸು ಉದ್ದ, ದುಡ್ಡಿದ್ದವರು ಹಾಕಿಸಲಿ. ನಲ್ಲಿಯ ಜಿ.ಐ. ಪೈಪು ಬೇಡವೇ ಬೇಡ: ಭಾರ, ಒಳಗಿನ ಸತುವಿನ ಲೇಪ ಉದುರುವ ಭಯ, ವೆಲ್ಡ್ ಮಾಡುವಾಗ ಏಳುವ ಸತುವಿನ ಹೊಗೆ ಕೆಲಸದವನ ಎದೆಗೆ ಕೆಟ್ಟದ್ದು.

ನನ್ನ ಮಟ್ಟಿಗೆ ಬಡವರ ಪಾಲಿನ ಸರಿಯಾದ ಆಯ್ಕೆ ಸೈಲೆನ್ಸರಿಗೆ ಬಳಸುವ ಸಾದಾ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪು. ಯಾವ ಸೈಲೆನ್ಸರ್ ಅಂಗಡಿಯವನೂ ಅದನ್ನು ಕತ್ತರಿಸಿ ಬೆಸೆಯಬಲ್ಲ. ಶಾಖವಾಗಲಿ ಒತ್ತಡವಾಗಲಿ ಅದಕ್ಕೆ ಏನೇನೂ ಅಲ್ಲ. ದೋಷವೊಂದೇ, ತುಕ್ಕು. ಹೊರಮೈಗೆ ಬಣ್ಣ ಬಳಿಯಬಹುದು, ಒಳಮೈಗೆ ಬಳಿಯಬಾರದು. ಇಂಟರ್‌ಕೂಲರ್ ಮತ್ತು ಎಂಜಿನ್ ನಡುವೆ ಯಾವ ಫಿಲ್ಟರೂ ಇಲ್ಲ. ಅಲ್ಲಿ ಸಿಪ್ಪೆಯೆದ್ದ ಬಣ್ಣ, ತುಕ್ಕಿನ ಪುಡಿ, ವೆಲ್ಡಿಂಗಿನ ಕಿಟ್ಟ ಎಲ್ಲವೂ ನೇರ ಸಿಲಿಂಡರಿಗೆ. ಕೈಯಲ್ಲಿ ಸ್ವಲ್ಪ ಕಾಸು ಹೆಚ್ಚಿದ್ದರೆ ಎಂಜಿನ್ನಿಗೆ ಹೋಗುವ ಆ ತುಂಡನ್ನು ಮಾತ್ರ ಸ್ಟೇನ್‌ಲೆಸ್ಸಿನಲ್ಲಿ ಮಾಡಿಸಿ. ಪೈಪಿಗೆ ಮರಳು ತುಂಬಿ, ಕಾಯಿಸಿ, ಬಗ್ಗಿಸುವ ಹಳೆಯ ಜಾಣ್ಮೆ ನನಗೂ ಮೆಚ್ಚು. ಆದರೆ ಇಲ್ಲಿ ಒಳಗುಳಿದ ಒಂದು ಚಿಟಿಕೆ ಮರಳು ಎಂಜಿನ್ನಿಗೆ ವಿಷ. ಅದರ ಬದಲು ಸಿದ್ಧ ಬೆಂಡುಗಳನ್ನು ಕೊಂಡು ಬೆಸೆಯುವುದು ಒಳ್ಳೆಯದು.

ಲೋಹದ ಬಗ್ಗೆ ನಾವು ಇಷ್ಟು ವಾದಿಸುತ್ತೇವೆ. ಪೈಪು ಕೈಕೊಡುವುದು ಮಾತ್ರ ಲೋಹದಲ್ಲಲ್ಲ, ಜೋಡಣೆಯಲ್ಲಿ. ಎರಡಿಂಚಿನ ಪೈಪಿನ ಬಾಯಿಯ ಮೇಲೆ 1 ಬಾರ್ ಒತ್ತಡವೆಂದರೆ ಸುಮಾರು 20 ಕೆ.ಜಿ. ಬಲ. ಒಂದು ಸಣ್ಣ ಅಕ್ಕಿ ಮೂಟೆ ಹೋಸನ್ನು ಎಳೆದು ಬಿಚ್ಚಲು ನೇತಾಡುತ್ತಿರುವಷ್ಟು. ನುಣುಪಾದ ಪೈಪಿನ ತುದಿಗೆ ಹೋಸು ತೂರಿಸಿ, ಸ್ಕ್ರೂ ಕ್ಲಿಪ್ ಬಿಗಿದರೆ ಎಣ್ಣೆಯ ಪಸೆ ಸೇರಿದ ದಿನ ಅದು ಜಾರುತ್ತದೆ. ತುದಿಯ ಸುತ್ತ ಒಂದು ಉಬ್ಬು ಬೇಕು. ಯಂತ್ರದಲ್ಲಿ ಉಬ್ಬಿಸಲಾಗದಿದ್ದರೆ ವೆಲ್ಡಿಂಗಿನಲ್ಲೇ ಸಣ್ಣ ಬಳೆಯಂತೆ ಏಣು ಎಬ್ಬಿಸಿ, ಹೋಸು ಕೊಯ್ಯದಂತೆ ಉಜ್ಜಿ ನಯ ಮಾಡಿಸಬಹುದು. ಅದರ ಹಿಂದೆ ಟಿ-ಬೋಲ್ಟ್ ಕ್ಲ್ಯಾಂಪು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಅಲುಗುತ್ತದೆ, ಇಂಟರ್‌ಕೂಲರ್ ಕಾರಿನ ಬಾಡಿಗೆ ಕಚ್ಚಿರುತ್ತದೆ. ನಡುವೆ ಬಳುಕುವ ಹೋಸಿಲ್ಲದೆ ಪೂರ್ತಿ ಗಟ್ಟಿ ಪೈಪು ಎಳೆದರೆ ವೆಲ್ಡಿಂಗೇ ಬಿರಿಯುತ್ತದೆ.

ಆ ಹೋಸಿಗೆ ರೇಡಿಯೇಟರ್ ಹೋಸ್ ಹಾಕಬೇಡಿ. ಟರ್ಬೊ ಗಾಳಿಯಲ್ಲಿ ಎಣ್ಣೆಯ ತುಂತುರು ಇದ್ದೇ ಇರುತ್ತದೆ, ನೀರಿಗೆಂದು ಮಾಡಿದ ರಬ್ಬರು ಎಣ್ಣೆ ಹೀರಿ ಊದುತ್ತದೆ. ಲಾರಿಗಳಿಗೆ ಬರುವ ಸಿಲಿಕೋನ್ ಟರ್ಬೊ ಹೋಸು ಈ ಕೆಲಸಕ್ಕೆಂದೇ ಇರುವುದು. ಅಳತೆ ಹೊಂದಿದರೆ ಕಲಾಸಿಪಾಳ್ಯದ ಲಾರಿ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಎಣ್ಣೆ ಹೆಚ್ಚು ಉಗುಳುವ ಡೀಸೆಲ್ ಎಂಜಿನ್ನಿಗೆ ಒಳಗೆ ಫ್ಲೋರೋಸಿಲಿಕೋನ್ ಪದರ ಇರುವುದೇ ಬೇಕು.

ವ್ಯಾಸದ ವಿಷಯದಲ್ಲೂ ದುಂದು ಸಲ್ಲದು. ಎರಡು ಮೀಟರಿನ ಎರಡಿಂಚು ಪೈಪು ಹಿಡಿಯುವುದು 4 ಲೀಟರ್ ಗಾಳಿ, ಮೂರಿಂಚಿನದು 9 ಲೀಟರ್. ತುಂಬಬೇಕಾದ ಜಾಗ ಹೆಚ್ಚಿದಷ್ಟೂ ಬೂಸ್ಟು ತಡ. ವರ್ಟಸ್, ಸ್ಲಾವಿಯಾ ಕಾರುಗಳ 1.0 ಟಿ.ಎಸ್.ಐ. ಎಂಜಿನ್ನಿನಲ್ಲಿ ಇಂಟರ್‌ಕೂಲರನ್ನು ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೇ ಕೂರಿಸಿ, ಗಾಳಿಯ ದಾರಿಯನ್ನೇ ಗಿಡ್ಡ ಮಾಡಿದ್ದಾರೆ. ನಮ್ಮ ಪೈಪೂ ಆದಷ್ಟು ಗಿಡ್ಡವಿರಲಿ, ಟರ್ಬೊ ಬಾಯಿಯ ಅಳತೆಗೆ ಹತ್ತಿರವಿರಲಿ.

ಗೆಳೆಯನ ಕಾರಿಗೆ ಆಮೇಲೆ ಎಂ.ಎಸ್. ಪೈಪನ್ನೇ ಮಾಡಿಸಿದೆವು. ಟರ್ಬೊಗೆ ಗಾಳಿ ಹೋಗುವ ಬಾಯಿಯನ್ನು ಮುಚ್ಚಿ, ಪಂಕ್ಚರ್ ಅಂಗಡಿಯ ಗಾಳಿಯನ್ನು 1 ಬಾರಿನಷ್ಟು ತುಂಬಿಸಿ, ಪ್ರತಿ ಜೋಡಣೆಗೂ ಸೋಪಿನ ನೀರು ಬಳಿದು ಗುಳ್ಳೆ ನೋಡಿದೆವು. ಎರಡು ಕಡೆ ಗುಳ್ಳೆ ಎದ್ದವು, ಬಿಗಿದೆವು. ನೀವು ಮಾಡಿಸುವುದಾದರೆ ಪೈಪು ಕೂರಿಸುವ ಮುನ್ನ ಇನ್ನೊಂದು ಕೆಲಸ ಮಾಡಿ: ಒಳಗೆ ಒಂದು ಬಿಳಿ ಬಟ್ಟೆ ತೂರಿಸಿ ಎಳೆದು ನೋಡಿ. ಬಟ್ಟೆ ಕಪ್ಪಾಗಿ ಬಂದರೆ ಪೈಪನ್ನು ಮತ್ತೆ ತೊಳೆಯಿರಿ.