ಮೊದಲು ತಂದೋರು ಯಾರು, ನೀರು ಹಾಕಿದೋರು ಯಾರು?

ನಮ್ಮ ಆಫೀಸಿನಲ್ಲಿ ತಲಶ್ಶೇರಿಯ ಗೆಳೆಯನೊಬ್ಬ ಇದ್ದಾನೆ. ಕಾಸರಗೋಡು ದಾಟಿ ಇನ್ನೂ ದಕ್ಷಿಣಕ್ಕೆ ಹೋದರೆ ಸಿಗುವ ಕಡಲ ತಡಿಯ ಊರು ಅವನದು. ಕಾಫಿ ಮಷೀನಿನ ಮುಂದೆ ಕ್ರಿಕೆಟ್ ಮಾತು ಬಂದರೆ ಸಾಕು, ಅವನ ಎದೆ ಎರಡಿಂಚು ಉಬ್ಬುತ್ತೆ. "ಇಂಡಿಯಾಕ್ಕೆ ಕ್ರಿಕೆಟ್ ಬಂದಿದ್ದೇ ನಮ್ಮೂರಿಗೆ ಗುರೂ" ಅಂತಾನೆ. ತಂದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು. ಪಳಶ್ಶಿರಾಜನ ಮೇಲೆ ಯುದ್ಧ ನಡೀತಿದ್ದಾಗ ಬಿಡುವಿನಲ್ಲಿ ಆಡ್ತಿದ್ದನಂತೆ, ಆಟಕ್ಕೆ ಜನ ಸಾಲದಿದ್ದಾಗ ಊರವರನ್ನೂ ಸೇರಿಸಿಕೊಳ್ತಿದ್ದನಂತೆ. ಆಮೇಲೆ 1860ರಲ್ಲಿ ಊರಿನ ಕ್ಲಬ್ಬು ಶುರುವಾಯ್ತಂತೆ.

ಕತೆ ಚೆನ್ನಾಗಿದೆ. ಮಂಡ್ಯದವನಾದ ನನಗಂತೂ ಸ್ವಲ್ಪ ಜಾಸ್ತಿನೇ ಚೆನ್ನಾಗಿದೆ. ಯಾಕಂದ್ರೆ ಈ ವೆಲ್ಲೆಸ್ಲಿ ನಮಗೂ ಗೊತ್ತಿರೋನೇ. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ಹಿಡಿದು ಕೂತವನು ಇವನೇ.

ಆದರೆ ಇತಿಹಾಸ ಅಂತ ಕೇಳಿದರೆ ಕತೆ ಕುಂಟುತ್ತೆ. 1721ರಲ್ಲೇ ಗುಜರಾತಿನ ಖಂಭಾತದ ತೀರದಲ್ಲಿ ಇಂಗ್ಲಿಷ್ ನಾವಿಕರು ಕ್ರಿಕೆಟ್ ಆಡಿದ್ದು ಬರವಣಿಗೆಯಲ್ಲಿ ದಾಖಲಾಗಿದೆ. ಕಲ್ಕತ್ತಾ ಕ್ಲಬ್ಬು 1792ರಲ್ಲೇ ಇತ್ತು. ಮುಂಬಯಿಯ ಪಾರ್ಸಿಗಳು ತಮ್ಮದೇ ಓರಿಯಂಟಲ್ ಕ್ಲಬ್ಬು ಕಟ್ಟಿದ್ದು 1848ರಲ್ಲಿ. ಹಾಗಾಗಿ ‘ಮೊದಲು’ ಅನ್ನೋದು ನಿಲ್ಲಲ್ಲ. ಆದರೆ ನನ್ನ ತಕರಾರು ಅದಲ್ಲ. ವೆಲ್ಲೆಸ್ಲಿ ಇಂಡಿಯಾ ಬಿಟ್ಟು ಹೋಗಿದ್ದು 1805ರಲ್ಲಿ. ಗೆಳೆಯನ ಲೆಕ್ಕದಲ್ಲೇ ಕ್ಲಬ್ಬು ಬಂದಿದ್ದು 1860ರಲ್ಲಿ. ನಡುವಿನ ಐವತ್ತೈದು ವರ್ಷ ಆಟವನ್ನ ಯಾರು ಸಾಕಿದರು? ಕೇಳಿದೆ. "ಊರವರೇ ಇರಬೇಕು" ಅಂದ. ಅಷ್ಟೇ. ಕೆಲವು ವರ್ಷ ಇದ್ದು ಹೋದ ಸೇನಾಧಿಕಾರಿಗೆ ಹೆಸರಿದೆ, ಐವತ್ತೈದು ವರ್ಷ ಆಡಿದವರು ಬರೀ ‘ಊರವರು’.

ನಗಬೇಡಿ, ನಮ್ಮೂರಿನ ಕತೆಯೂ ಇದೇ. ನಾನು ಬೆಳೆದದ್ದು ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿ. ಶಿವನಸಮುದ್ರದ ಪವರ್‌ಹೌಸಿನ ಕಾಲೊನಿ. ಹೆಸರಲ್ಲಿ ಸಮುದ್ರ ಇದೆ, ಇರೋದು ಕಾವೇರಿ. ಇಂಗ್ಲಿಷಿನಲ್ಲಿ ಬ್ಲಫ್ ಅಂದ್ರೆ ಕಡಿದಾದ ಗುಡ್ಡದಂಚು. ಇನ್ನೊಂದು ಅರ್ಥ ನಿಮಗೆ ಗೊತ್ತೇ ಇದೆ. "ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ನಮ್ದು" ಅಂತ ಸ್ಕೂಲಿನ ಭಾಷಣದಲ್ಲಿ ನಾನೇ ಬಾಯಿಪಾಠ ಒಪ್ಪಿಸಿದ್ದೀನಿ. ಅದೂ ಬ್ಲಫ್ಫೇ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಕರೆಂಟು ಬಂದಿತ್ತು. ನಮ್ಮದು 1902. ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ಹೆಸರು ಎಲ್ಲ ಪುಸ್ತಕದಲ್ಲೂ ಇದೆ. ಇಲ್ಲಿಂದ ಕೋಲಾರದ ಚಿನ್ನದ ಗಣಿವರೆಗೆ ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ಕಂಬ ನೆಟ್ಟವರ ಹೆಸರು ಆ ಭಾಷಣದಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ. ಪ್ರೈಜು ಬಂತು, ಮನೆಗೆ ಬಂದೆ.

ಕ್ಲಬ್ಬಿನ ಇತಿಹಾಸ ಬರೆಯೋರು ಸಾಮಾನ್ಯವಾಗಿ ಪೆವಿಲಿಯನ್ ಜಗಲಿ ಮೇಲೆ ಕೂತು ಬರೀತಾರೆ. ಸ್ಥಾಪಕರು, ಅಧ್ಯಕ್ಷರು, ಕಪ್ಪು, ಗ್ರೂಪ್ ಫೋಟೋ. ಜಗಲಿ ಇಳಿದು ಪಿಚ್ಚಿನ ಹತ್ತಿರ ಹೋಗಿ ಬರೆದರೆ ಏನಾಗುತ್ತೆ ಅಂತ ನನಗೆ ತೋರಿಸಿದ್ದು ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’. 2002ರ ಪುಸ್ತಕ. ಅದರಲ್ಲೂ ಗವರ್ನರುಗಳು, ಮಹಾರಾಜರು ಎಲ್ಲ ಬರ್ತಾರೆ. ಆದರೆ ಪುಸ್ತಕ ಮುಚ್ಚಿದ ಮೇಲೆ ಉಳಿಯೋನು ಪಳವಂಕರ್ ಬಾಲೂ. ಧಾರವಾಡದಲ್ಲಿ ಹುಟ್ಟಿದ ದಲಿತ. ಪುಣೆಯಲ್ಲಿ ಸಾಹೇಬರ ಕ್ಲಬ್ಬಿನಲ್ಲಿ ಪಿಚ್ಚಿಗೆ ರೋಲರ್ ಎಳೆಯೋದು, ನೆಟ್ ಕಟ್ಟೋದು ಅವನ ಕೆಲಸ. ಬ್ಯಾಟ್ ಮಾಡೋಕೆ ಕಾದಿರುವ ಸಾಹೇಬರಿಗೆ ಬೌಲ್ ಮಾಡ್ತಾ ಮಾಡ್ತಾ ದೊಡ್ಡ ಸ್ಪಿನ್ನರ್ ಆದ. ಹಿಂದೂ ತಂಡಕ್ಕೆ ಅವನ ಬೌಲಿಂಗ್ ಬೇಕು, ಟೀ ಹೊತ್ತಿಗೆ ಮಾತ್ರ ಅವನಿಗೆ ಪೆವಿಲಿಯನ್ ಹೊರಗೆ ಮಣ್ಣಿನ ಲೋಟ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತಗೊಂಡ. ಕ್ಯಾಪ್ಟನ್ ಮಾತ್ರ ಅವನಾಗಲಿಲ್ಲ. ಆ ಪಟ್ಟ ಸಿಕ್ಕಿದ್ದು ಮುಂದೆ 1923ರಲ್ಲಿ, ಅವನ ತಮ್ಮ ವಿಠ್ಠಲನಿಗೆ.

ಆದ್ರೆ ಗುಹಾ ಪುಸ್ತಕಕ್ಕೂ ಒಂದು ಮಿತಿ ಇದೆ ಅನ್ಸುತ್ತೆ. ರೋಲರ್ ಎಳೆದ ಬಾಲೂ ಇತಿಹಾಸಕ್ಕೆ ಬಂದಿದ್ದು ವಿಕೆಟ್ ತಗೊಂಡಿದ್ದಕ್ಕೆ. ಬರೀ ರೋಲರ್ ಎಳೆದು ಮನೆಗೆ ಹೋದವರು? ಅವರ ಹೆಸರು ಸ್ಕೋರ್‌ಕಾರ್ಡಿನಲ್ಲಿ ಇರಲ್ಲ. ದಾಖಲೆ ಹುಡುಕುವ ಇತಿಹಾಸಕಾರ ಅಲ್ಲಿ ಕೈಚೆಲ್ಲಬೇಕಾಗುತ್ತೆ. ಆ ಕೆಲಸ ಊರಿನವರೇ ಮಾಡಬೇಕು, ನೆನಪಿರುವಾಗಲೇ ಮಾಡಬೇಕು.

ಇದನ್ನ ದೊಡ್ಡ ಮಾತಾಗಿ ಹೇಳ್ತಿಲ್ಲ, ನಾನೇ ಸಿಕ್ಕಿಬಿದ್ದಿದ್ದೀನಿ. ಕಾಲೊನಿಯಲ್ಲಿ ಬೆಳೆದವರೆಲ್ಲ ಈ ಸಲ ಬ್ಲಫ್‌ನಲ್ಲಿ ಸೇರೋಣ, ಒಂದು ಸ್ಮರಣ ಸಂಚಿಕೆ ತರೋಣ ಅಂತ ತೀರ್ಮಾನ ಆಯ್ತು. "ನಮ್ ಕ್ರಿಕೆಟ್ ಟೀಮಿನ ಹಿಸ್ಟರಿ ನೀನು ಬರಿಯಪ್ಪ" ಅಂದರು. ಒಂದೇ ರಾತ್ರಿಯಲ್ಲಿ ಬರೆದೆ. ಯಾರು ಕ್ಯಾಪ್ಟನ್, ಯಾವ ಮ್ಯಾಚಿನಲ್ಲಿ ಯಾರ ಬೈಕಿನ ಕನ್ನಡಿ ಒಡೀತು, ಮಳವಳ್ಳಿ ಹುಡುಗರ ಮೇಲೆ ಹೇಗೆ ಗೆದ್ವಿ, ಎಲ್ಲ ಇತ್ತು. ಬೆಳಿಗ್ಗೆ ಓದಿದಾಗ ಒಬ್ಬ ಇರಲಿಲ್ಲ.

ಕ್ವಾರ್ಟರ್ಸ್ ಹಿಂದಿನ ಬಯಲಲ್ಲಿ ನಮ್ಮ ಪಿಚ್ಚಿಗೆ ಸಂಜೆ ಸಂಜೆ ನೀರು ಹಾಕ್ತಿದ್ದ ಅಣ್ಣ. ಗಿಡಗಳಿಗೆ ನೀರು ಬಿಡೋದು ಅವನ ಡ್ಯೂಟಿ, ನಮ್ಮ ಪಿಚ್ಚಲ್ಲ. ಆದ್ರೂ ಕೊನೆ ಎರಡು ಬಿಂದಿಗೆ ನಮಗೆ. ಮಾರನೇ ದಿನ ದಿಮ್ಮಿಸಿನಿಂದ ಬಡಿದು ಗಟ್ಟಿ ಮಾಡೋನು. "ನೀರು ಹಾಕಿವ್ನಿ ಕಣ್ರೋ, ಇವತ್ತು ಯಾವನಾರ ಕಾಲಿಟ್ಟೀರಾ, ಜೋಕೆ" ಅಂತ ಕೂಗೋನು. ಒಂದು ದಿನವೂ ಬ್ಯಾಟ್ ಹಿಡಿದವನಲ್ಲ. ನಾವೂ ಕೊಟ್ಟವರಲ್ಲ.

ಅವನ ಹೆಸರು ಬರೆಯೋಣ ಅಂತ ಕೂತರೆ ಹೆಸರೇ ಗೊತ್ತಿಲ್ಲ. ನಮಗೆಲ್ಲ ಅವನು ‘ಮಾಲಿಯಣ್ಣ’. ಹತ್ತು ಜನಕ್ಕೆ ಫೋನ್ ಮಾಡಿದೆ. ಎಲ್ಲರಿಗೂ ಅವನ ಬಿಂದಿಗೆ ನೆನಪಿದೆ, ಬೈಗುಳ ನೆನಪಿದೆ. "ಹೆಸರೇನು ಮಗಾ?" ಅಂದ್ರೆ ಆ ಕಡೆ ಸುಮ್ಮನಾಗ್ತಾರೆ. ಕೊನೆಗೆ ಅಮ್ಮನ್ನ ಕೇಳಿದೆ. "ನಿಮ್ಮಪ್ಪಂಗೆ ಗೊತ್ತಿತ್ತು ಕಣೋ" ಅಂದ್ರು. ಅಪ್ಪ ಹೋಗಿ ಆರು ವರ್ಷ ಆಯ್ತು.

ತಲಶ್ಶೇರಿಯ ಗೆಳೆಯನನ್ನು ಈಗ ಅಷ್ಟು ಜೋರಾಗಿ ಆಡಿಕೊಳ್ಳೋಕೆ ಆಗ್ತಿಲ್ಲ. ಅವನು ಐವತ್ತೈದು ವರ್ಷದವರನ್ನ ಮರೆತಿದ್ದು ಇನ್ನೂರು ವರ್ಷ ಆದಮೇಲೆ. ನಾವು ಇಪ್ಪತ್ತೇ ವರ್ಷದಲ್ಲಿ ಮರೆತಿದ್ದೀವಿ.

ಸಂಚಿಕೆಯವರು ಲೇಖನ ಕಳಿಸು ಅಂತ ದಿನಾ ಮೆಸೇಜ್ ಹಾಕ್ತಿದ್ದಾರೆ. ಕಳಿಸಿಲ್ಲ. ಈ ಶನಿವಾರ ಮಳವಳ್ಳಿ ಬಸ್ಸು ಹತ್ತಿ ಬ್ಲಫ್‌ಗೆ ಹೋಗ್ತಿದ್ದೀನಿ. ಅಪ್ಪನ ಜೊತೆ ಕೆಲಸ ಮಾಡಿದೋರು ಒಂದಿಬ್ಬರು ಅಲ್ಲೇ ಸುತ್ತಮುತ್ತ ಇದ್ದಾರೆ. ಹೆಸರು ಸಿಕ್ಕ ಮೇಲೆ ಕಳಿಸ್ತೀನಿ, ಮೊದಲ ಸಾಲು ಬದಲಾಯಿಸಿ.