ಆದಿಕವಿಯ ಹುಟ್ಟನ್ನು ಕುರಿತ ವ್ಯಾಜ್ಯ

ಹರಿಹರ ತಾಲ್ಲೂಕಿನಷ್ಟು ಚಿಕ್ಕ ಭೂಭಾಗದಲ್ಲಿ ಇಷ್ಟೊಂದು ಸಮುದಾಯಗಳ ಗುರುಪೀಠಗಳು ಒಂದರ ಮಗ್ಗುಲಿಗೆ ಒಂದು ನೆಲಸಿರುವುದನ್ನು ನಾಡಿನ ಬೇರೆ ಭಾಗಗಳಲ್ಲಿ ಕಾಣುವುದು ವಿರಳ. ಹರಿಹರದಲ್ಲಿ ಪಂಚಮಸಾಲಿಗಳ ಪೀಠ, ಬೆಳ್ಳೂಡಿಯಲ್ಲಿ ಕಾಗಿನೆಲೆ ಕನಕ ಗುರುಪೀಠದ ಶಾಖಾಮಠ, ರಾಜನಹಳ್ಳಿಯಲ್ಲಿ ನಾಯಕ ಸಮಾಜದ ಮಹರ್ಷಿ ವಾಲ್ಮೀಕಿ ಗುರುಪೀಠ. ಇವೆಲ್ಲಕ್ಕೂ ಶತಮಾನಗಳಷ್ಟು ಹಿರಿದಾಗಿ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿ. ಬಲಕ್ಕೆ ಹರ, ಎಡಕ್ಕೆ ಹರಿ ಎಂದು ಒಂದೇ ಶಿಲೆಯಲ್ಲಿ ನಿಂತಿರುವ ಆ ಮೂರ್ತಿಯ ಮುಂದೆ ಶೈವನೂ ವೈಷ್ಣವನೂ ಏಕಕಾಲದಲ್ಲಿ ‘ಇವನು ನಮ್ಮವನು’ ಎಂದರೆ ಯಾರ ಮಾತೂ ಸುಳ್ಳಾಗುವುದಿಲ್ಲ. ದೇವರಿಗೆ ದೊರೆತ ಈ ಸೌಕರ್ಯ ಕವಿಗಳಿಗೆ ದೊರೆಯಲಿಲ್ಲವೆಂಬುದನ್ನು, ಆ ಗುಡಿಗೆ ಬಹು ದೂರವಿಲ್ಲದ ರಾಜನಹಳ್ಳಿಯ ಪೀಠವು ಯಾರ ಹೆಸರನ್ನು ಧರಿಸಿದೆಯೋ ಆ ಆದಿಕವಿಯನ್ನು ಕುರಿತು ಎದ್ದ ವ್ಯಾಜ್ಯವು ಚೆನ್ನಾಗಿ ತೋರಿಸಿಕೊಟ್ಟಿದೆ.

ವ್ಯಾಜ್ಯದ ಮೂಲ ಒಂದು ಪುಸ್ತಕ. ಧಾರವಾಡದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ರಾಮಾಯಣ ಮಹಾಭಾರತಗಳ ಪ್ರವಚನಕಾರರಾಗಿ ಅಪಾರ ಶ್ರೋತೃವರ್ಗವನ್ನು ಸಂಪಾದಿಸಿದ್ದ ದಿವಂಗತ ಕೆ.ಎಸ್. ನಾರಾಯಣಾಚಾರ್ಯರು ‘ವಾಲ್ಮೀಕಿ ಯಾರು?’ ಎಂಬ ಗ್ರಂಥವನ್ನು ಬರೆದು, ವಾಲ್ಮೀಕಿಯು ಬೇಡನಲ್ಲ, ಬ್ರಾಹ್ಮಣನು ಎಂದು ಪ್ರತಿಪಾದಿಸಿದರು. ನಾಯಕ ಸಮಾಜದವರು ಇದರಿಂದ ತಮ್ಮ ಭಾವನೆಗೆ ಧಕ್ಕೆಯಾಯಿತೆಂದು ಪ್ರತಿಭಟಿಸಿದರು. ಸಿದ್ದರಾಮಯ್ಯನವರ ಮೊದಲ ಸರ್ಕಾರದ ಅವಧಿಯಲ್ಲಿ ಗ್ರಂಥವು ನಿಷಿದ್ಧವಾಯಿತು. ಅಷ್ಟಕ್ಕೇ ನಿಲ್ಲದೆ, ಆದಿಕವಿಯ ಕುಲವನ್ನು ನಿರ್ಣಯಿಸುವುದಕ್ಕಾಗಿ 14 ಮಂದಿಯ ತಜ್ಞ ಸಮಿತಿಯೊಂದು ನೇಮಕವಾಗಿ, ಆತನು ಬೇಡ ಕುಲದವನೇ ಎಂಬ ವರದಿಯನ್ನೂ ಒಪ್ಪಿಸಿತು. ಕಾವ್ಯದ ಕರ್ತೃವಿಗೆ ಸರ್ಕಾರದ ಕಡತದಲ್ಲಿ ಜಾತಿ ಪ್ರಮಾಣಪತ್ರ ದೊರೆತದ್ದು ಬಹುಶಃ ಇದೇ ಮೊದಲು.

ಗ್ರಂಥದ ಪ್ರತಿಪಾದನೆಯನ್ನು ಅದರ ನೆಲೆಯಲ್ಲಿಯೇ ಪರಿಶೀಲಿಸುವುದು ನ್ಯಾಯ. ವಾಲ್ಮೀಕಿಯನ್ನು ಬ್ರಾಹ್ಮಣನೆನ್ನುವವರೆಲ್ಲರಿಗೂ ಬಲವಾದ ಆಧಾರವೆಂದರೆ ಉತ್ತರಕಾಂಡ. ಅಲ್ಲಿ, ರಾಮನ ಸಭೆಯಲ್ಲಿ ಸೀತೆಯ ಪರಿಶುದ್ಧಿಗೆ ಸಾಕ್ಷಿ ನುಡಿಯುವ ಮುನಿಯು ತಾನು ಪ್ರಚೇತಸನ ಹತ್ತನೆಯ ಮಗನೆಂದು ಹೇಳಿಕೊಳ್ಳುತ್ತಾನೆ. ಆದರೆ ಉತ್ತರಕಾಂಡವು ಮೂಲಕಾವ್ಯಕ್ಕೆ ತರುವಾಯ ಸೇರಿದ ಭಾಗವೆಂದು ಹೇಳುವ ವಿದ್ವಾಂಸರು ಅನೇಕರಿದ್ದಾರೆ. ಅದನ್ನು ಒತ್ತಟ್ಟಿಗಿಟ್ಟರೂ, ಶಂಬೂಕನೆಂಬ ಶೂದ್ರ ತಪಸ್ವಿಯ ತಲೆಯನ್ನು ರಾಮನು ಕತ್ತರಿಸುವುದು ಇದೇ ಕಾಂಡದಲ್ಲಿಯೇ. ಕವಿಯ ಕುಲವನ್ನು ಸಾಧಿಸುವುದಕ್ಕಾಗಿ ಈ ಕಾಂಡವನ್ನು ಕವಿಯ ಕೃತಿಯೆಂದು ಒಪ್ಪುವವರು ಆ ಕೊಲೆಯ ಹೊಣೆಯನ್ನೂ ಅದೇ ಕವಿಯ ಲೇಖನಿಗೆ ಒಪ್ಪಿಸಬೇಕಾಗುತ್ತದೆ. ಪರಮಭಕ್ತರಾದವರಿಗೆ ಈ ವಿನಿಮಯ ಲಾಭಕರವೆಂದು ನನಗೆ ತೋರುವುದಿಲ್ಲ.

ಪ್ರತಿಪಕ್ಷದ ಆಧಾರವೂ ಇಷ್ಟೇ ತೊಡಕಿನದು. ಕಾಡಿನಲ್ಲಿ ದಾರಿಗರನ್ನು ಸುಲಿಯುತ್ತಿದ್ದವನು ಋಷಿಗಳ ಉಪದೇಶದಿಂದ ರಾಮನಾಮವನ್ನು ತಿರುಗುಮುರುಗಾಗಿ ಜಪಿಸಿ, ಹುತ್ತದೊಳಗಿಂದ ಮಹರ್ಷಿಯಾಗಿ ಎದ್ದುಬಂದ ಕಥೆ ಕನ್ನಡದ ಮಕ್ಕಳೆಲ್ಲರಿಗೂ ಪರಿಚಿತವಷ್ಟೆ. ಈ ಕಥೆಯನ್ನು ವಿಸ್ತಾರವಾಗಿ ಹೇಳುವ ಅಧ್ಯಾತ್ಮರಾಮಾಯಣದಲ್ಲಿ ಆತನು ದ್ವಿಜನಾಗಿ ಹುಟ್ಟಿ ಕಿರಾತರ ನಡುವೆ ಬೆಳೆದವನು. ಒಂದು ಪಕ್ಷವು ಈ ಕಥೆಯಿಂದ ಹುಟ್ಟನ್ನು ಎತ್ತಿಕೊಂಡು ಕಾಡನ್ನು ಬಿಟ್ಟಿತು, ಇನ್ನೊಂದು ಕಾಡನ್ನು ಎತ್ತಿಕೊಂಡು ಹುಟ್ಟನ್ನು ಬಿಟ್ಟಿತು. ಪಂಜಾಬಿನ ವಾಲ್ಮೀಕಿ ಸಮುದಾಯದವರಾದರೋ ಕಥೆಯನ್ನೇ ಸಮೂಲವಾಗಿ ನಿರಾಕರಿಸುತ್ತಾರೆ. ತಮ್ಮ ಭಗವಾನ್ ವಾಲ್ಮೀಕಿಯನ್ನು ದರೋಡೆಕೋರನೆಂದು ಸೂಚಿಸಿತೆಂಬ ಕಾರಣಕ್ಕೆ 2009ರಲ್ಲಿ ಒಂದು ಟಿವಿ ಧಾರಾವಾಹಿಯ ವಿರುದ್ಧ ಅಲ್ಲಿ ಮೊಕದ್ದಮೆ ಹೂಡಲಾಯಿತು. ಒಂದು ನಾಡಿನಲ್ಲಿ ಹಕ್ಕಿನ ದಸ್ತಾವೇಜಾದ ಕಥೆಯೇ ಇನ್ನೊಂದರಲ್ಲಿ ಮಾನಹಾನಿಯ ಪುರಾವೆಯಾಗಿರುವುದನ್ನು ಕಂಡಾಗ, ಆಕ್ಷೇಪದ ಹಕ್ಕನ್ನು ಪಠ್ಯಗಳ ಆಧಾರದಿಂದ ಇತ್ಯರ್ಥಪಡಿಸಲಾಗದೆಂಬುದು ಸ್ಪಷ್ಟವಾಗುತ್ತದೆ.

ಹಾಗಾದರೆ ಯಾವುದರಿಂದ? ನನ್ನ ಅಭಿಪ್ರಾಯದಲ್ಲಿ, ಆ ಹೆಸರಿನಿಂದ ಯಾರು ಏನನ್ನು ಕಟ್ಟಿಕೊಂಡಿದ್ದಾರೆ, ಅದನ್ನು ಕಿತ್ತರೆ ಯಾರಿಗೆ ಏನು ಉಳಿಯುತ್ತದೆ ಎಂಬುದರಿಂದ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಎಂಬುದರ ಜೊತೆಗೆ ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಸೇರಿದ್ದು 1991ರ ಕೇಂದ್ರ ಶಾಸನದಿಂದ. ರಾಜನಹಳ್ಳಿಯ ಪೀಠವು ಪುಣ್ಯಾನಂದಪುರಿ ಸ್ವಾಮಿಗಳಿಂದ ಆರಂಭವಾದದ್ದು 1998ರಲ್ಲಿ. 2019ರಲ್ಲಿ ಪ್ರಸನ್ನಾನಂದಪುರಿ ಸ್ವಾಮಿಗಳ ನೇತೃತ್ವದಲ್ಲಿ, ಪಂಗಡದ ಮೀಸಲಾತಿಯನ್ನು ಶೇ. 7.5ಕ್ಕೆ ಏರಿಸಬೇಕೆಂದು ರಾಜನಹಳ್ಳಿಯಿಂದ ಬೆಂಗಳೂರಿನವರೆಗೆ ಪಾದಯಾತ್ರೆ ಹೊರಟಾಗ ಮುಂದೆ ನಡೆದದ್ದು ಈ ಕವಿಯ ಹೆಸರೇ. 2022ರಲ್ಲಿ ಅದು ಶೇ. 3ರಿಂದ 7ಕ್ಕೆ ಏರಿತು. ಫೆಬ್ರವರಿಯ ವಾಲ್ಮೀಕಿ ಜಾತ್ರೆಗೆ ಜಗಳೂರು, ಚಳ್ಳಕೆರೆ, ಬಳ್ಳಾರಿಯ ಕಡೆಯಿಂದ ಬರುವ ಜನರಲ್ಲಿ ಎಷ್ಟು ಮಂದಿ ರಾಮಾಯಣವನ್ನು ಓದಿದ್ದಾರೆಂದು ಕೇಳುವುದು ಪಂಡಿತರ ಕುಚೋದ್ಯ. ಶಾಲೆಯ ದಾಖಲಾತಿಯಲ್ಲಿ, ವಿದ್ಯಾರ್ಥಿನಿಲಯದ ಫಲಕದಲ್ಲಿ, ಶೀಗೀ ಹುಣ್ಣಿಮೆಯ ಮೆರವಣಿಗೆಯಲ್ಲಿ ಆ ಹೆಸರು ಅವರಿಗೆ ತಲೆಯೆತ್ತಿ ನಿಲ್ಲುವ ಸ್ಥಳವನ್ನು ಕೊಟ್ಟಿದೆ. ಮದಕರಿ ನಾಯಕನು ಅವರಿಗೆ ಶೌರ್ಯವನ್ನೂ, ಕಣ್ಣಪ್ಪನು ಭಕ್ತಿಯನ್ನೂ ಕೊಟ್ಟಿದ್ದರು. ವಿದ್ಯೆಯನ್ನು, ಅದರಲ್ಲಿಯೂ ಸಂಸ್ಕೃತ ಕಾವ್ಯದ ಮೊತ್ತಮೊದಲ ಅಕ್ಷರವನ್ನು, ನಮ್ಮದೆಂದು ಹೇಳುವ ಅವಕಾಶ ದೊರೆತದ್ದು ವಾಲ್ಮೀಕಿಯೊಬ್ಬನಿಂದಲೇ. ‘ಆತ ನಿಮ್ಮವನಲ್ಲ, ನಮ್ಮವನು’ ಎಂಬ ವಾಕ್ಯವು, ಎಷ್ಟೇ ಶಾಸ್ತ್ರಾಧಾರದಿಂದ ಕೂಡಿದ್ದರೂ, ಅಕ್ಷರವನ್ನು ಮತ್ತೆ ಹಳೆಯ ಕೈಗಳಿಗೇ ಹಿಂದಿರುಗಿಸುವ ವಾಕ್ಯ. ಅದು ಕೇಳಿದವರಿಗೆ ನೋಯದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಪರದೇಶಗಳಲ್ಲಿ ಒಂದು ಸಂಸ್ಕೃತಿಯ ಒಡವೆಯನ್ನು ಇನ್ನೊಂದು ಅಪಹರಿಸಿತೆಂಬ ಕೂಗು ಏಳುವುದು ಬಹುಮಟ್ಟಿಗೆ ಉಡುಗೆ, ರಾಗ, ಅಡುಗೆಗಳ ಸಂಬಂಧದಲ್ಲಿ. ನಮ್ಮ ಸಾಹಿತ್ಯದಲ್ಲಿ ಜಗಳ ಬಂದಾಗಲೆಲ್ಲ ಅದು ಬಂದು ನಿಲ್ಲುವುದು ಹುಟ್ಟಿನ ಬಾಗಿಲಲ್ಲಿ. 1989ರಲ್ಲಿ ಎಂ.ಎಂ. ಕಲಬುರ್ಗಿಯವರು ತಮ್ಮ ‘ಮಾರ್ಗ’ ಗ್ರಂಥದ ಲೇಖನಗಳಿಗಾಗಿ ಮಠಾಧಿಪತಿಗಳ ಒತ್ತಡಕ್ಕೆ ಮಣಿದು ಮಾತನ್ನು ಹಿಂತೆಗೆದುಕೊಳ್ಳಬೇಕಾದದ್ದರಲ್ಲಿ ಚೆನ್ನಬಸವಣ್ಣನ ಜನ್ಮದ ವಿಚಾರವಿತ್ತು. ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯ ವಿರುದ್ಧದ ಆಕ್ಷೇಪದಲ್ಲಿಯೂ ಅದೇ ಜನ್ಮದ ವಿಚಾರ; ಅದರ ಮುಟ್ಟುಗೋಲನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ಬಂಜಗೆರೆ ಜಯಪ್ರಕಾಶರು ‘ಆನು ದೇವಾ ಹೊರಗಣವನು’ ಎಂಬ ಪುಸ್ತಕದಲ್ಲಿ ಬಸವಣ್ಣನು ಬ್ರಾಹ್ಮಣ ಮೂಲದವನಲ್ಲ, ಮಾದಿಗ ಮೂಲದವನೆಂದು ವಾದಿಸಿದರು. ಲಿಂಗಾಯತ ಮಠಗಳು ಕೆರಳಿದುವು, ನಿಷೇಧದ ಒತ್ತಾಯವೆದ್ದಿತು.

ಈ ಕೊನೆಯ ಪ್ರಸಂಗವನ್ನು ವಾಲ್ಮೀಕಿಯ ಪ್ರಸಂಗದೊಡನೆ ಇಟ್ಟು ನೋಡತಕ್ಕದ್ದು. ಹೊರನೋಟಕ್ಕೆ ಎರಡೂ ಒಂದೇ: ಒಂದು ಸಮಾಜದ ಆರಾಧ್ಯಪುರುಷನ ಹುಟ್ಟನ್ನು ಲೇಖಕನೊಬ್ಬನು ಬೇರೆ ಕುಲಕ್ಕೆ ಕೊಂಡೊಯ್ದನು, ಸಮಾಜವು ನೊಂದಿತು. ಶಾಸನದ ಕಣ್ಣಿಗೂ ಎರಡೂ ಒಂದೇ. ಯಾವುದೇ ವರ್ಗದ ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿ ಕೆರಳಿಸುವುದನ್ನು ಅಪರಾಧವೆನ್ನುತ್ತಿದ್ದ, 1927ರಲ್ಲಿ ದಂಡಸಂಹಿತೆಗೆ ಸೇರಿ 2024ರವರೆಗೆ ಜಾರಿಯಲ್ಲಿದ್ದ 295-ಎ ಕಲಮು, ನೊಂದವನು ಮೇಲಿರುವವನೋ ಕೆಳಗಿರುವವನೋ ಎಂದು ವಿಚಾರಿಸುತ್ತಿರಲಿಲ್ಲ. ವಿಮರ್ಶೆಯಾದರೂ ವಿಚಾರಿಸಬೇಕು. ವಾಲ್ಮೀಕಿಯನ್ನು ಬ್ರಾಹ್ಮಣನೆಂದಾಗ ನಾಯಕರು ನೊಂದದ್ದು ತಮ್ಮಲ್ಲಿದ್ದುದನ್ನು ಕಳೆದುಕೊಳ್ಳುವೆವೆಂಬ ಭಯದಿಂದ. ಬಸವಣ್ಣನನ್ನು ಮಾದಿಗನೆಂದಾಗ ನೊಂದವರು ಏನನ್ನು ಕಳೆದುಕೊಳ್ಳುತ್ತಿದ್ದರು? ಬಸವಣ್ಣನು ಅವರ ಗುರುವಾಗಿಯೇ ಉಳಿಯುತ್ತಿದ್ದನು. ವಚನಗಳು, ಮಠಗಳು, ದಾವಣಗೆರೆಯ ವಿದ್ಯಾಸಂಸ್ಥೆಗಳು ಯಾವುವೂ ಅಲುಗುತ್ತಿರಲಿಲ್ಲ. ಕಳೆಯುತ್ತಿದ್ದದ್ದು, ಆತನು ಅಗ್ರಹಾರದಲ್ಲಿ ಹುಟ್ಟಿ ಅದನ್ನು ತೊರೆದು ಬಂದವನೆಂಬ ಸಮಾಧಾನವೊಂದೇ. ಅಂಥ ನೋವಿನ ಒಳಗೆ, ಮಾದಿಗನೆನಿಸಿಕೊಳ್ಳುವುದು ಅವಮಾನವೆಂಬ ಪೂರ್ವಕಲ್ಪನೆ ಅಡಗಿರುತ್ತದೆ. ನೋವನ್ನು ಬಹಿರಂಗವಾಗಿ ತೋಡಿಕೊಂಡ ಕ್ಷಣದಲ್ಲಿಯೇ ಅದು ಇನ್ನೊಂದು ಸಮುದಾಯಕ್ಕೆ ಮಾಡಿದ ಅವಹೇಳನವಾಗುತ್ತದೆ. ಬಂಜಗೆರೆಯವರ ಚಾರಿತ್ರಿಕ ಆಧಾರಗಳು ದುರ್ಬಲವಾಗಿರಬಹುದು, ಅದು ಬೇರೆ ಪರೀಕ್ಷೆಯ ವಿಷಯ. ಆಧಾರ ದುರ್ಬಲವಾದಾಗ ವಿದ್ವಾಂಸನು ನಗಬೇಕು, ಕೆರಳಬೇಕಾಗಿಲ್ಲ.

ಮಾತೆ ಮಹಾದೇವಿಯವರ ಪ್ರಸಂಗವನ್ನು ಇವುಗಳ ಸಾಲಿಗೆ ಸೇರಿಸುವವರಿದ್ದಾರೆ, ಅದು ಸರಿಯಲ್ಲ. ‘ಬಸವ ವಚನ ದೀಪ್ತಿ’ಯಲ್ಲಿ ಅವರು ಕೂಡಲಸಂಗಮದೇವ ಎಂಬ ಅಂಕಿತವನ್ನು ತೆಗೆದು ಲಿಂಗದೇವ ಎಂದು ಇರಿಸಿದ್ದು ವ್ಯಾಖ್ಯಾನವಲ್ಲ, ಪಠ್ಯಕ್ಕೇ ಕೈಹಾಕಿದ ಕಾರ್ಯ. 1998ರಲ್ಲಿ ಆದ ಮುಟ್ಟುಗೋಲನ್ನು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಥಿರಪಡಿಸಿದ್ದು ಸರಿಯೋ ಎಂಬ ಬಗ್ಗೆ ನನಗೆ ಸಂದೇಹವಿದೆ, ಆದರೆ ಆಕ್ಷೇಪಿಸಿದವರು ಬೆರಳಿಟ್ಟು ತೋರಿಸಬಹುದಾದ ಒಂದು ಹಾನಿ ಅಲ್ಲಿತ್ತು.

ಕವಿಯ ಹೆಸರನ್ನು ಇನ್ನೊಬ್ಬನು ಎತ್ತಿಕೊಳ್ಳುವುದು ಸದಾ ಅಪಹರಣವಾಗಬೇಕಾಗಿಲ್ಲವೆಂಬುದಕ್ಕೆ ನಮ್ಮ ಪರಂಪರೆಯಲ್ಲಿಯೇ ನಿದರ್ಶನವಿದೆ. ತೊರವೆಯ ನರಹರಿಯು ತನ್ನನ್ನು ಕುಮಾರವಾಲ್ಮೀಕಿಯೆಂದು ಕರೆದುಕೊಂಡು ಭಾಮಿನಿಯಲ್ಲಿ ರಾಮಕಥೆಯನ್ನು ಹಾಡಿದನು. ಮಗನೆನ್ನಿಸಿಕೊಂಡದ್ದರಿಂದ ತಂದೆಯ ಆಸ್ತಿಯನ್ನು ಕಸಿದಂತಾಗಲಿಲ್ಲ. ನಾಗಚಂದ್ರನು ಅದೇ ಕಥೆಯನ್ನು ಜೈನಮಾರ್ಗಕ್ಕೆ ತಿರುಗಿಸಿ ರಾವಣನಿಗೆ ಘನತೆಯನ್ನು ಕೊಟ್ಟನು. ಕುವೆಂಪು 1944ರ ‘ಶೂದ್ರತಪಸ್ವಿ’ಯಲ್ಲಿ ಶಂಬೂಕನನ್ನು ಉಳಿಸಿದಾಗ, ಹಳೆಯ ಕಥೆಯನ್ನು ಹೀಗೆ ಮಾರ್ಪಡಿಸುವುದನ್ನು ಮಾಸ್ತಿಯವರು ಒಪ್ಪಲಿಲ್ಲ. ಆ ವಿವಾದದಲ್ಲಿ ನನ್ನ ಒಲವು ಕುವೆಂಪು ಅವರ ಕಡೆಗಿದ್ದರೂ, ಮಾಸ್ತಿಯವರ ಆಕ್ಷೇಪದ ರೀತಿಗೆ ಗೌರವ ಸಲ್ಲಿಸಬೇಕು: ‘ಆದಿಕವಿ ವಾಲ್ಮೀಕಿ’ಯೆಂಬ ಗ್ರಂಥವನ್ನೇ ಬರೆದಿದ್ದ ಅವರು ನಾಟಕವನ್ನು ಓದಿ, ವಿಮರ್ಶೆಯ ಮೂಲಕ ಆಕ್ಷೇಪಿಸಿದರು. ಹೊರನಾಡಿನದೂ ಒಂದು ದೃಷ್ಟಾಂತ ಇಲ್ಲಿ ಸಲ್ಲುತ್ತದೆ. 1967ರಲ್ಲಿ ವಿಲಿಯಂ ಸ್ಟೈರನ್ ಎಂಬ ಬಿಳಿಯ ಅಮೆರಿಕನ್ ಕಾದಂಬರಿಕಾರನು ಗುಲಾಮರ ದಂಗೆಯ ನಾಯಕನಾದ ನ್ಯಾಟ್ ಟರ್ನರನ ಕಥೆಯನ್ನು ಅವನ ಬಾಯಿಂದಲೇ ನಿರೂಪಿಸಿದಾಗ, ಹತ್ತು ಮಂದಿ ಕಪ್ಪು ಲೇಖಕರು ಮರುವರ್ಷವೇ ಒಂದು ಪ್ರತ್ಯುತ್ತರ ಗ್ರಂಥವನ್ನು ಹೊರತಂದರು. ಅವರ ಕೋಪದಲ್ಲಿ ಕಿಂಚಿತ್ತೂ ವಿನಯವಿರಲಿಲ್ಲ, ಆದರೆ ಅದು ಓದಿದವರ ಕೋಪವಾಗಿತ್ತು. ಇಂದು ಸ್ಟೈರನ್ನನ ಕಾದಂಬರಿಯನ್ನು ಚರ್ಚಿಸುವವರಾರೂ ಆ ಹತ್ತು ಮಂದಿಯ ಮಾತನ್ನು ದಾಟಿ ಹೋಗುವಂತಿಲ್ಲ.

‘ವಾಲ್ಮೀಕಿ ಯಾರು?’ ಗ್ರಂಥದ ನಿಷೇಧದಿಂದ ನಾಯಕ ಸಮಾಜಕ್ಕೆ ತಪ್ಪಿಹೋದದ್ದು ಇಂತಹ ಒಂದು ಪ್ರತ್ಯುತ್ತರದ ಅವಕಾಶ. ಮುಟ್ಟುಗೋಲಾದ ಪುಸ್ತಕಕ್ಕೆ ಉತ್ತರ ಬರೆಯುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ. ಉತ್ತರ ಬರೆಸಿಕೊಳ್ಳದ ಪುಸ್ತಕವು ತನ್ನ ಪಕ್ಷದವರ ನಡುವೆ ಅಜೇಯವೆಂಬ ಕೀರ್ತಿಯನ್ನು ಸಂಪಾದಿಸುತ್ತದೆ. ಸಮಿತಿಯಾದರೋ ಇನ್ನೂ ದೊಡ್ಡ ಪ್ರಮಾದ. ಸರ್ಕಾರವು ಇಂದು ಬೇಡನೆಂದು ನಿರ್ಣಯಿಸಬಹುದಾದರೆ, ನಾಳೆ ಇನ್ನೊಂದು ಸರ್ಕಾರವು ಇನ್ನೊಂದು 14 ಮಂದಿಯನ್ನು ಕೂಡಿಸಿ ಬೇರೊಂದು ನಿರ್ಣಯವನ್ನು ಪಡೆಯಬಹುದು. ಜನರು ತಾವೇ ಕಟ್ಟಿಕೊಂಡ ನಂಟಿಗೆ ಸರ್ಕಾರದ ಮೊಹರನ್ನು ಬೇಡಿದೊಡನೆ, ಅದನ್ನು ಕಳಚುವ ಅಧಿಕಾರವನ್ನೂ ಸರ್ಕಾರಕ್ಕೆ ಒಪ್ಪಿಸಿದಂತಾಯಿತು.

ವ್ಯಾಜ್ಯದ ಗದ್ದಲದಲ್ಲಿ ಕೇಳಿಬಾರದೆ ಹೋದ ಒಂದು ಪ್ರಶ್ನೆಯಿದೆ, ಅದನ್ನು ಕೇಳುವ ಅಧಿಕಾರ ಉಳಿದ ಓದುಗರೆಲ್ಲರಿಗಿಂತ ನಾಯಕ ಸಮಾಜದ ಓದುಗನಿಗೆ ಹೆಚ್ಚಾಗಿದೆ. ಬಾಲಕಾಂಡದ ಆರಂಭದಲ್ಲಿ, ತಮಸಾನದಿಯ ತೀರದಲ್ಲಿ, ಕ್ರೌಂಚಮಿಥುನದಲ್ಲಿ ಒಂದನ್ನು ಬಾಣದಿಂದ ಕೆಡಹಿದವನು ಒಬ್ಬ ನಿಷಾದ, ಬೇಟೆಯಿಂದ ಜೀವಿಸುವವನು. ಆದಿಕವಿಯ ಬಾಯಿಂದ ಹೊರಟ ಮೊದಲ ಶ್ಲೋಕವು ಅವನ ಮೇಲೆ ಬಿದ್ದ ಶಾಪ. ಶಾಪ ಕೊಟ್ಟವನು ಬೇಡನೇ ಆಗಿದ್ದರೆ ಆ ಶ್ಲೋಕಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ: ತನ್ನ ಪೂರ್ವವೃತ್ತಿಯನ್ನೇ ಶಪಿಸಿಕೊಂಡವನ ಸಂಕಟ ಅದರಲ್ಲಿ ಸೇರುತ್ತದೆ, ಶಾಪಕ್ಕೆ ಗುರಿಯಾದವನು ಹಸಿದ ದಾಯಾದಿಯಾಗುತ್ತಾನೆ, ಕರುಣೆ ಹಕ್ಕಿಯೊಂದಕ್ಕೇ ಸಾಲದೆ ಹೋಗುತ್ತದೆ. ಬ್ರಾಹ್ಮಣನೆಂದು ಸಾಧಿಸಿದವರಿಗೆ ಈ ಅರ್ಥ ದೊರೆಯಲಾರದು. ದೊರೆಯಬಹುದಾದವರು ಅದನ್ನು ಬರೆದು ತೋರಿಸಿದರೆ, ನಾರಾಯಣಾಚಾರ್ಯರ ಗ್ರಂಥವನ್ನು ಅಂಗಡಿಯಲ್ಲಿ ಮಾರಲು ಬಿಟ್ಟರೂ ನಷ್ಟವಿಲ್ಲ.