ಹುಸಿಗೋಡೆಯ ಊರು

ಕೆನಡಾ ದೇಶದ ಸಿಂಕ್ಲೇರ್ ರಾಸ್ ಎಂಬವರು 1941ರಲ್ಲಿ ಪ್ರಕಟಿಸಿದ ‘ಆಸ್ ಫಾರ್ ಮಿ ಅಂಡ್ ಮೈ ಹೌಸ್’ ಎಂಬ ಕಾದಂಬರಿಯು ಪ್ರೇರಿಯೆಂಬ ಹುಲ್ಲುಬಯಲಿನ ಒಂದು ಸಣ್ಣ ಊರಿನ ಕಥೆ. ಊರಿನ ಹೆಸರು ‘ಹೊರೈಜನ್’, ಎಂದರೆ ದಿಗಂತ. ಕಾಲವು 1930ರ ದಶಕದ ಅನಾವೃಷ್ಟಿಯದು. ಹೊಸದಾಗಿ ಬಂದ ಪಾದ್ರಿಯ ಪತ್ನಿಯ ದಿನಚರಿಯೇ ಗ್ರಂಥವೆಲ್ಲ. ಆಕೆಯ ಸ್ವಂತ ಹೆಸರು ಮಾತ್ರ ಕಡೆಯವರೆಗೂ ತಿಳಿಯದು.

ಅಲ್ಲಿಯ ಅಂಗಡಿಗಳು ಒಂದೇ ಅಂತಸ್ತಿನವು; ಬೀದಿಗೆ ಕಾಣುವ ಮುಂಗೋಡೆ ಮಾತ್ರ ಎರಡಂತಸ್ತಿನಷ್ಟು ಎತ್ತರ. ಈ ಹುಸಿಗೋಡೆಯನ್ನೇ ಊರವರ ಬಾಳಿಗೂ ಸಂಕೇತವಾಗಿಸಿರುವುದು ಗ್ರಂಥಕರ್ತರ ಶಕ್ತಿ. ಆದರೆ ಪತಿಯ ರಹಸ್ಯವನ್ನು ತಿಳಿದೂ ತಿಳಿಯದವಳಂತೆ ನಡೆದುಕೊಳ್ಳುವ ಆಕೆಯೂ ಅಂಥದೇ ಗೋಡೆಯ ಮರೆಯಲ್ಲಿರುವವಳಲ್ಲವೆ? ಅವಳೊಬ್ಬಳ ಸಾಕ್ಷ್ಯದಿಂದ ಊರೆಲ್ಲ ಕಪಟಿಗಳೆಂದು ವಾಚಕರು ತೀರ್ಮಾನಿಸಿದರೆ ಅನ್ಯಾಯವಾದೀತು. ಊರಾಚೆಯ ಶಾಲೆಯಲ್ಲಿ ಪ್ರಾರ್ಥನೆಗೆ ಕೂಡುವ ರೈತರನ್ನು ನೋಡಿರಿ. ವರ್ಷದ ಮೇಲೆ ವರ್ಷ ಬೆಳೆಯು ಕೈಗೆ ಹತ್ತದಿದ್ದರೂ ಅವರು ತಪ್ಪದೆ ಬರುತ್ತಾರೆ. ಅವರೆದುರಿಗೆ ಆಕೆಯ ವ್ಯಂಗ್ಯವೂ ಮೆತ್ತಗಾಗುತ್ತದೆ. ನನ್ನ ಮಟ್ಟಿಗೆ ಗ್ರಂಥದ ಜೀವವಿರುವುದು ಈ ಪುಟಗಳಲ್ಲಿಯೇ.

ಮಾತುಮಾತಿಗೆ ಶಬ್ದವ್ಯುತ್ಪತ್ತಿಯನ್ನು ಹೇಳುವ ಉಪಾಧ್ಯಾಯನೊಬ್ಬನಿದ್ದಾನೆ. ಇತರರಿಗೆ ನೀರಸನೆನಿಸಬಹುದು, ಯಾಸ್ಕನ ನಿರುಕ್ತವನ್ನು ಓದಿದ ನನಗೆ ಅವನು ಬಂಧುವೇ ಆದನು.

ಕೊನೆಯಲ್ಲಿ ಬಿರುಗಾಳಿಗೆ ಆ ಮುಂಗೋಡೆಗಳು ಬಹುಮಟ್ಟಿಗೆ ಉರುಳುತ್ತವೆ. ಇದೊಂದನ್ನು ವಾಚ್ಯವಾಗಿಸದೆ ಧ್ವನಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು.